ಹುಣಸೆಬೀಜ ಹಂಚಿಕೊಟ್ಟ ನೆರಳುಗಳು

ನಮ್ಮೂರಿನಲ್ಲಿ ಸಂತೆ ನೆರೆಯುವುದು ನಡುಮಧ್ಯಾಹ್ನ. ಹೊಸದಾಗಿ ಬರುವ ಪರಊರಿನ ವ್ಯಾಪಾರಿಗಳು ನೆತ್ತಿ ಸುಡುವ ಬಿಸಿಲಲ್ಲಿ ಕೂತು ನಮ್ಮನ್ನು ಶಪಿಸುತ್ತಾರೆ. ಎರಡನೆಯ ಸಂತೆಗೆ ಸುಮ್ಮನೆ ಕೊಡೆ ತರುತ್ತಾರೆ. ಆ ಹೊತ್ತಿಗೆ ನೆರಳು ಪಾದದ ಬುಡದಲ್ಲಿ ಮುದುರಿಕೊಂಡಿರುತ್ತದೆ, ಹಾಗಾಗಿ ಮನಸ್ಸು ಭಾರವಾದವರೂ ಹೊಸಿಲು ದಾಟಿ ಬಂದು ಹೀರೇಕಾಯಿಗೆ ಚೌಕಾಸಿ ಮಾಡಬಹುದು. ಇಳಿಹೊತ್ತಿನಲ್ಲಿ ಅದು ಸಾಧ್ಯವಿಲ್ಲ. ನೆರಳು ಉದ್ದವಾದಷ್ಟೂ ಜಗ್ಗುತ್ತದೆ, ದುಃಖದಲ್ಲಿರುವವರ ನೆರಳಂತೂ ಒದ್ದೆ ಕಂಬಳಿಯ ಹಾಗೆ ನೆಲಕ್ಕೆ ಅಂಟಿಕೊಂಡು ಎಳೆಯುತ್ತದೆ. ಸಿಟಿ ಬಸ್ಸಿನ ಕಂಡಕ್ಟರು ಒಮ್ಮೆ ನಮ್ಮ ಕಾಲ ಹಿಂದೆ ನೋಡಿ, ಮುಖ ನೋಡದೆ, ಲಗೇಜಿನ ಟಿಕೆಟು ಹರಿಯುತ್ತಾನೆ. ಮದುವೆಗಳಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರವನ್ನು ಮಧ್ಯಾಹ್ನದೊಳಗೇ ಮುಗಿಸುತ್ತಾರೆ. ಸಂಜೆಗೆ ಬಿಟ್ಟರೆ ಹುಡುಗಿಯ ಅಪ್ಪನನ್ನು ಛತ್ರದಿಂದ ಮನೆಗೆ ಸಾಗಿಸಲು ನಾಲ್ಕು ಜನ ಬೇಕಾಗುತ್ತದೆ. ನೆರಳಿಗೂ ನರಳಾಟಕ್ಕೂ ನಮ್ಮಲ್ಲಿ ಅಷ್ಟು ಹತ್ತಿರದ ನಂಟು.

ಭಾರ ಮಿತಿಮೀರಿದರೆ ಜನ ನೆಟ್ಟುಹೋಗುತ್ತಾರೆ. ನಿಂತಲ್ಲಿಂದ ಕಾಲು ಏಳುವುದಿಲ್ಲ. ಅಂಚೆ ಕಚೇರಿಯ ಎದುರು ಒಬ್ಬ ಅಜ್ಜ ಹೀಗೆ ನಡುರಸ್ತೆಯಲ್ಲಿ ನೆಟ್ಟುಹೋಗಿದ್ದಾರೆ. ಮನೆಯವರು ಅವರ ಸುತ್ತ ಸೋಗೆಯ ಸೂರು ಹಾಕಿಸಿದ್ದಾರೆ, ಬಸ್ಸುಗಳು ಬಳಸಿಕೊಂಡು ಹೋಗುತ್ತವೆ, ಅಜ್ಜ ಹೋಗಿಬರುವವರ ಕಾಗದಗಳ ಮೇಲಿನ ವಿಳಾಸ ಓದಿ ತಪ್ಪಿದ್ದರೆ ತಿದ್ದುತ್ತಾರೆ. ಊರು ಇದಕ್ಕೆಲ್ಲ ಹೊಂದಿಕೊಂಡಿದೆ. ಆದರೆ ನಮ್ಮ ಚಂಪಕ್ಕನ ಸುತ್ತ ಸೂರು ಹಾಕಿಸುವ ದಿನ ಬರಬಹುದೆಂದು ನೆನೆದಾಗ ನನಗೆ ಹೊಂದಿಕೊಳ್ಳಲು ಆಗಲಿಲ್ಲ.

ಚಂಪಕ್ಕ ನನ್ನ ಒಡಹುಟ್ಟಿದ ಅಕ್ಕ. ಅವಳ ಗಂಡ ಶ್ರೀಪಾದ ಭಾವ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳು ಹೊರಡುವುದನ್ನು ಕೂಗಿ ಹೇಳುತ್ತಿದ್ದರು. ಅವರ ಮೈಕಿನ ದನಿ ಊರಿಗೆಲ್ಲ ಗೊತ್ತಿತ್ತು. ಮನೆಗೆ ಬಂದಾಗ ಬಾಗಿಲು ತಟ್ಟುವ ಬದಲು ಜಗಲಿಯಲ್ಲಿ ನಿಂತು ಒಮ್ಮೆ ಕೆಮ್ಮುವುದು ಅವರ ಅಭ್ಯಾಸ; ಅದು ಊರಿಗೆ ಗೊತ್ತಿರಲಿಲ್ಲ. ಬೇಸಗೆಯಲ್ಲಿ ಒಂದು ವಾರದ ಜ್ವರಕ್ಕೆ ಭಾವ ಹೋಗಿಬಿಟ್ಟರು. ಆಮೇಲೆ ನಾನು ಅವಳ ಮನೆಗೇ ಹೋಗಿ ಉಳಿದುಕೊಂಡೆ. ಮೊದಲು ಅವಳು ಸಂಜೆಯ ಹೊತ್ತು ಹೊರಬರುವುದು ನಿಂತಿತು, ಆಮೇಲೆ ಬೆಳಗಿನ ಹೊತ್ತು. ಕೊನೆಕೊನೆಗೆ ನಡುಮಧ್ಯಾಹ್ನವೂ ಹೊಸಿಲ ಹತ್ತಿರ ನಿಂತು, ಹೆಬ್ಬೆರಳಿನಿಂದ ನೆಲ ಒತ್ತಿ ನೋಡಿ, ಒಳಗೆ ಹೋಗುತ್ತಿದ್ದಳು.

ನನ್ನ ಕಸುಬೇ ದನಿ. ಕಾಲೇಜಿನಲ್ಲಿ ಮನಃಶಾಸ್ತ್ರ ಓದುವಾಗ ನಾನು ಮೇಷ್ಟ್ರುಗಳನ್ನೆಲ್ಲ ಅಣಕಿಸುತ್ತಿದ್ದೆ. ಸಂಖ್ಯಾಶಾಸ್ತ್ರದ ಮೇಷ್ಟ್ರು ಸರಾಸರಿ, ಮಧ್ಯಾಂಕ, ಬಹುಲಕ ಎಂದು ಪೂಜೆಯ ಮಂತ್ರದಂತೆ ಮೂಗಿನಲ್ಲಿ ಹೇಳುತ್ತಿದ್ದರು. ನಾನು ಅದೇ ಮೂಗಿನಲ್ಲಿ, ಸರಾಸರಿ ಎಂದರೆ ಯಾರಿಗೂ ಸರಿಹೋಗದ ಸರಿ ಎಂದು ಹಿಂದಿನ ಬೆಂಚಿನಿಂದ ಮುಗಿಸುತ್ತಿದ್ದೆ. ಓದು ಮುಗಿದ ಮೇಲೆ ಒಬ್ಬ ಮುದುಕಿ ಬಂದು, ತೀರಿಕೊಂಡ ತಮ್ಮನ ದನಿಯಲ್ಲಿ ಒಂದು ಮಾತು ಆಡಿ ತೋರಿಸೆಂದು ಕೇಳಿದಳು. ಆಡಿದೆ. ಮುಂದಿನ ವಾರ ಅವಳ ನೆರಳು ಎಷ್ಟು ಹಗುರಾಗಿತ್ತೆಂದರೆ ಗಾಳಿಗೆ ಅಂಚು ಪಟಪಟ ಎನ್ನುತ್ತಿತ್ತು. ಸುದ್ದಿ ಹಬ್ಬಿತು. ಬಂದವರಿಗೆಲ್ಲ ಅವರು ಕಳೆದುಕೊಂಡವರ ದನಿ ಕೇಳಿಸಿದೆ, ಬಂದವರೆಲ್ಲ ಹಗುರಾದರು. ಅದಕ್ಕೆ ದನಿಮದ್ದು ಎಂದು ಹೆಸರಿಟ್ಟು, ಆಪ್ತಸಲಹೆಗಾರನ ಪರವಾನಗಿ ಕೇಳಿಕೊಂಡು, ಅದನ್ನು ಕೊಡುವ ಊರಿನ ಮಂಡಳಿಯ ಮುಂದೆ ಹೋದೆ. ಭಾವ ಹೋದದ್ದು ಅದರ ಮರುವಾರ.

ಮಂಡಳಿಯ ಮುಖ್ಯಸ್ಥೆ ಸುಗುಣಾಬಾಯಿ ಮೇಡಂ. ಅರವತ್ತು ದಾಟಿದ ಹೆಂಗಸು, ಬೆನ್ನು ನೆಟ್ಟಗೆ, ಮಾತು ಗಿಡ್ಡ. ಏನು ಹೇಳಿದರೂ ಕೊನೆಗೆ "ಇರಲಿ, ತೋರಿಸು" ಎನ್ನುವುದು ಅವರ ರೂಢಿ. ನಾನು ಅದನ್ನು ಮಂಡಳಿಯ ಹೊರಗಿನ ಚಹದಂಗಡಿಯಲ್ಲಿ ನಾಲ್ಕು ಜನರಿಗೆ ಅಣಕಿಸಿ ತೋರಿಸುತ್ತಿದ್ದಾಗ ಬೆನ್ನ ಹಿಂದೆ ನಿಂತು ಪೂರ್ತಿ ಕೇಳಿಸಿಕೊಂಡು, ಚೆನ್ನಾಗಿದೆ ಎಂದು ತಲೆಯಾಡಿಸಿ, ಒಳಗೆ ಕರೆದರು. ಬಂದವರೆಲ್ಲ ಹಗುರಾದರು ಎಂಬ ನನ್ನ ವಾದವನ್ನು ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು.

"ನಿನ್ನ ಹತ್ರ ಜನ ಯಾವಾಗ ಬರ್ತಾರೆ? ಇನ್ನು ಹೊರೋಕಾಗಲ್ಲ ಅನ್ನೋ ದಿನ. ಅದಕ್ಕಿಂತ ಭಾರದ ದಿನ ಅವರ ಪಾಲಿಗೆ ಇಲ್ಲ. ಆಮೇಲೆ ಹುಣಸೆಮರದ ಕೆಳಗೆ ಸುಮ್ನೆ ಕೂತಿದ್ರೂ ಒಂದಿಷ್ಟು ಇಳೀತಿತ್ತೋ ಏನೋ. ಇಳಿಸಿದ್ದು ನೀನೋ, ದಿನಗಳೋ? ಇರಲಿ, ತೋರಿಸು."

ತೋರಿಸುವ ಜಾಗ ದಿಮ್ಮಿಗಳ ಡಿಪೋ. ಅಲ್ಲಿ ಮರದ ದಿಮ್ಮಿ ತೂಗುವ ದೊಡ್ಡ ತಕ್ಕಡಿಯಿದೆ, ತೇಗದ ದಂಡಿಗೆ, ಚಪ್ಪರದಷ್ಟು ಅಗಲದ ಎರಡು ತಟ್ಟೆ. ಪರವಾನಗಿ ಪರೀಕ್ಷೆಯ ದಿನ ಜನರನ್ನು ಬೆಳಗಿನ ಬಿಸಿಲಿಗೆ ಬೆನ್ನು ಮಾಡಿ ಸಾಲಾಗಿ ನಿಲ್ಲಿಸಿದರೆ ಒಂದು ಸಾಲಿನ ನೆರಳೆಲ್ಲ ಒಂದು ತಟ್ಟೆಗೆ, ಇನ್ನೊಂದು ಸಾಲಿನದು ಇನ್ನೊಂದಕ್ಕೆ ಬೀಳುತ್ತದೆ. ತೂಗುವವನು ಹಯಾತಣ್ಣ. ಸಾಮಾನ್ಯ ದಿನಗಳಲ್ಲಿ ತಕ್ಕಡಿಯ ಮುಂದೆ ತೂಕಡಿಸುವುದೇ ಅವನ ಕೆಲಸ. ಮನಸ್ಸು ಮೆತ್ತಗಿನವನು, ಯಾರ ಮೇಲೆ ಪ್ರೀತಿ ಬಂದರೂ ಅವರ ಕಡೆಯ ತಟ್ಟೆಯನ್ನು ಮೊಣಕಾಲಿನಿಂದ ಮೆಲ್ಲಗೆ ಎತ್ತಿಬಿಡುತ್ತಾನೆಂದು ಊರಿಗೆಲ್ಲ ಗೊತ್ತು. ಆದ್ದರಿಂದ ಪರೀಕ್ಷೆಯ ದಿನ ಅವನ ಕಣ್ಣಿಗೆ ಅವನದೇ ಹೆಗಲ ವಲ್ಲಿ ಕಟ್ಟಿ, ತಟ್ಟೆಗಳಿಂದ ದೂರ ನಿಲ್ಲಿಸಿ, ತಕ್ಕಡಿಯ ಮುಳ್ಳನ್ನು ಬೆರಳಿನಿಂದ ಮುಟ್ಟಿ ಹೇಳಲು ಬಿಡುತ್ತಾರೆ. ಯಾವ ತಟ್ಟೆಯ ಕಡೆ ಯಾರು ನಿಂತಿದ್ದಾರೆ ಎಂದು ಅವನಿಗೆ ಯಾರೂ ಹೇಳುವಂತಿಲ್ಲ.

ನೆರಳು ಭಾರವಾದ ನಲವತ್ತು ಮಂದಿ ಒಪ್ಪಿ ಬಂದರು. ಚಂಪಕ್ಕನೂ ಅವರಲ್ಲಿ ಒಬ್ಬಳು. ಅರ್ಧ ಮಂದಿಗೆ ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಯವರೆಗೆ ದಿನವೂ ದನಿಮದ್ದು, ಇನ್ನರ್ಧ ಮಂದಿ ಅಲ್ಲಿಯವರೆಗೆ ಕಾಯಬೇಕು. ಮದ್ದು ಗೆದ್ದರೆ ಮರುದಿನದಿಂದ ಕಾದವರಿಗೂ ಕೊಡಬೇಕು, ಸೋತರೆ ಅದನ್ನು ಯಾರಿಗೂ ಕೊಡುವಂತಿಲ್ಲ. ಇದು ಕಟ್ಟಳೆ.

ಎರಡು ಗುಂಪು ಹೇಗೆ ಮಾಡುತ್ತೀ ಎಂದು ಮೇಡಂ ಕೇಳಿದರು. ನಾನು ಓದಿದವನು, ಜಾಣ. ಮೂರು ದಿನ ಕೂತು ಯೋಚಿಸಿ ಹಂಚಿದೆ. ಈ ಕಡೆ ಒಬ್ಬ ವಿಧವೆಯಾದರೆ ಆ ಕಡೆ ಒಬ್ಬ ವಿಧವೆ, ಈ ಕಡೆ ಒಬ್ಬ ಕುಡುಕನಾದರೆ ಆ ಕಡೆ ಒಬ್ಬ ಕುಡುಕ, ವಯಸ್ಸಿಗೆ ವಯಸ್ಸು, ಮಕ್ಕಳಿಗೆ ಮಕ್ಕಳು. ಚಂಪಕ್ಕನನ್ನು ಮಾತ್ರ ಯೋಚಿಸದೆ ದನಿಮದ್ದಿನ ಕಡೆಗೆ ಹಾಕಿದ್ದೆ. ಡಿಪೋದಲ್ಲಿ ನಿಲ್ಲಿಸಿ ನೋಡಿದರೆ ನನ್ನ ಜಾಣತನವೆಲ್ಲ ಒಂದು ಕಡೆಗೆ ವಾಲಿತು. ಕಾಯುವವರ ತಟ್ಟೆ ನೆಲ ಮುಟ್ಟಿತು. ಏನು ಬಿಟ್ಟುಹೋಯಿತೆಂದು ನನಗೆ ತಿಳಿಯಲಿಲ್ಲ. ಅವರಲ್ಲಿ ಯಾರಿಗೆ ನಿದ್ದೆ ಬರುತ್ತಿರಲಿಲ್ಲ, ಯಾರು ಮಗನ ಜೊತೆ ಮಾತು ಬಿಟ್ಟಿದ್ದರು, ಯಾರ ಮನೆಯ ಬಾವಿಗೆ ಯಾರು ಬಿದ್ದಿದ್ದರು, ನನಗೇನು ಗೊತ್ತು. ಗೊತ್ತಿದ್ದನ್ನು ಸಮಸಮವಾಗಿ ಹಂಚಿದ್ದೆ. ಗೊತ್ತಿಲ್ಲದ್ದು ತನಗೆ ಬೇಕಾದ ಕಡೆ ಹೋಗಿ ಕೂತಿತ್ತು.

ಆಗ ಮೇಡಂ ಒಂದು ಮಡಕೆ ತರಿಸಿದರು. ಅದರಲ್ಲಿ ನಲವತ್ತು ಹುಣಸೆಬೀಜ, ಇಪ್ಪತ್ತು ಸಿಪ್ಪೆ ಸುಲಿದ ಬಿಳಿಯವು, ಇಪ್ಪತ್ತು ಸಿಪ್ಪೆಯಿರುವ ಕಂದು. ಎಲ್ಲವನ್ನೂ ಒಂದೇ ನುಣುಪಿಗೆ ಉಜ್ಜಿಸಿದ್ದರು, ಬೆರಳಿಗೆ ವ್ಯತ್ಯಾಸ ಸಿಗಬಾರದೆಂದು. ಒಬ್ಬೊಬ್ಬರೂ ಬಂದು ಮುಖ ಆಚೆ ತಿರುಗಿಸಿ ಕೈ ಹಾಕಿ ಒಂದೊಂದು ಬೀಜ ತೆಗೆದರು. ಬಿಳಿ ಬಂದರೆ ದನಿಮದ್ದು, ಕಂದು ಬಂದರೆ ಕಾಯುವುದು. ಇದೇನು ಚೌಕಾಬಾರ ಆಟವೇ ಎಂದು ಗುಂಪಿನಲ್ಲಿ ಯಾರೋ ಗೊಣಗಿದರು. ನನಗೂ ಹಾಗೇ ಅನ್ನಿಸಿತ್ತು. ಸೈಕಲ್ ಅಂಗಡಿಯ ತಿಪ್ಪೇಶಿ, ತಾಯಿಯನ್ನು ಕಳೆದುಕೊಂಡು ಸೈಕಲ್ ತುಳಿಯಲಾರದೆ ತಳ್ಳಿಕೊಂಡು ಓಡಾಡುತ್ತಿದ್ದವನು, ಬಿಳಿ ತೆಗೆದು ಅದನ್ನು ಕಣ್ಣಿಗೊತ್ತಿಕೊಂಡ. ಚಂಪಕ್ಕನನ್ನು ಇಬ್ಬರು ತೋಳು ಹಿಡಿದು ಕರೆತಂದರು. ಅವಳು ಕೈ ಹಾಕಿ, ಬಹಳ ಹೊತ್ತು ಒಳಗೇ ಆಡಿಸಿ, ತೆಗೆದಳು. ಕಂದು.

ನಾನು ಮೇಡಂ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಎಲ್ಲರನ್ನೂ ಬೀಜದ ಬಣ್ಣದ ಪ್ರಕಾರ ಸಾಲು ನಿಲ್ಲಿಸಿದರು. ವಿಧವೆಯರು ಒಂದೇ ಕಡೆ ಗುಂಪಾಗಿದ್ದಂತೆ ಕಂಡಿತು, ಕುಡುಕರು ಇನ್ನೊಂದು ಕಡೆ. ನನ್ನ ಕಣ್ಣಿಗೆ ಅದು ಹಂಚಿಕೆಯಲ್ಲ, ಚೆಲ್ಲಾಪಿಲ್ಲಿ. ನೆರಳುಗಳು ತಟ್ಟೆಗಳ ಮೇಲೆ ಬಿದ್ದು ಒಂದರೊಳಗೊಂದು ಬೆರೆತವು. ತೇಗದ ದಂಡಿಗೆ ನರಳಿತು. ಈ ಕಡೆ ಇಳಿಯಿತು, ಆ ಕಡೆ ಇಳಿಯಿತು, ಮತ್ತೆ ಈ ಕಡೆ, ಪ್ರತಿ ಸಲವೂ ಸ್ವಲ್ಪ ಕಡಿಮೆ. ಆಮೇಲೆ ನಿಂತುಬಿಟ್ಟಿತು. ಹಯಾತಣ್ಣ ಕಟ್ಟಿದ ಕಣ್ಣಿನಲ್ಲೇ ಮುಳ್ಳನ್ನು ಸವರಿದ, ಮತ್ತೊಮ್ಮೆ ಸವರಿದ, ಬೆರಳನ್ನು ಬಟ್ಟೆಗೆ ಒರೆಸಿಕೊಂಡು ಇನ್ನೊಮ್ಮೆ ಸವರಿದ. "ನಡುವೆ ಐತೆ," ಅಂದ, ದೇವಸ್ಥಾನದ ಗರ್ಭಗುಡಿಯಲ್ಲಿ ಮಾತಾಡುವವನಂತೆ ದನಿ ತಗ್ಗಿಸಿ.

ಡಿಪೋದಲ್ಲಿ ಯಾರೂ ಅಲುಗಾಡಲಿಲ್ಲ. ಆ ಮಡಕೆಗೆ ಯಾರ ಹೆಸರೂ ಗೊತ್ತಿರಲಿಲ್ಲ, ಯಾರ ಬಾವಿಯ ಕತೆಯೂ ಗೊತ್ತಿರಲಿಲ್ಲ. ಏನೂ ಗೊತ್ತಿಲ್ಲದ್ದರಿಂದಲೇ ಅದು ನಾನು ಕಾಣದಿದ್ದ ಸಂಕಟಗಳನ್ನೂ, ಅವರು ತಮಗೆ ತಾವೇ ಹೇಳಿಕೊಂಡಿರದ ಸಂಕಟಗಳನ್ನೂ ಎರಡು ಪಾಲು ಮಾಡಿ ಇಟ್ಟಿತ್ತು. ನಾನು ಕೈ ಮುಗಿಯಬೇಕೋ ಏನು ಮಾಡಬೇಕೋ ತಿಳಿಯದೆ ನಿಂತಿದ್ದಾಗ ಮೇಡಂ ಪಕ್ಕಕ್ಕೆ ಬಂದು, ಪ್ರತಿ ಸಲವೂ ಹೀಗೆ ನಿಲ್ಲುವುದಿಲ್ಲ, ನಾಲ್ಕೇ ಜನರಿದ್ದರೆ ಈ ಮಡಕೆ ನಿನ್ನನ್ನು ಕೋತಿಯಂತೆ ಕುಣಿಸುತ್ತಿತ್ತು, ಜನ ಹೆಚ್ಚಿದಷ್ಟೂ ಅದು ಗಂಭೀರವಾಗುತ್ತದೆ ಎಂದರು. ಒಂದು ತಟ್ಟೆಯ ನೆರಳಿನಷ್ಟೇ ತೂಗುವ ಹೊನ್ನೆ ದಿಮ್ಮಿಯೊಂದನ್ನು ಹುಡುಕಿಸಿ, ಮುಂದಿನ ಹುಣ್ಣಿಮೆಗೆ ಬೇಕೆಂದು ಮೂಲೆಯಲ್ಲಿ ಎತ್ತಿಡಿಸಿದರು.

ಮರುದಿನದಿಂದ ನಾನು ಇಪ್ಪತ್ತು ಮನೆ ಸುತ್ತಿದೆ. ಒಂದು ಮನೆಯಲ್ಲಿ ಗಂಡನಾದೆ, ಇನ್ನೊಂದರಲ್ಲಿ ಅತ್ತೆಯಾದೆ, ಮತ್ತೊಂದರಲ್ಲಿ ಆರು ವರ್ಷದ ಮಗುವಾದೆ. ತಿಪ್ಪೇಶಿಗೆ ಅವನ ತಾಯಿಯ ದನಿಯಲ್ಲಿ, ಕೈಯಲ್ಲಿರೋ ಗ್ರೀಸು ತೊಳ್ಕೊಂಡು ಅನ್ನಕ್ಕೆ ಕೂತ್ಕೋ ಎಂದು ಬೈಯುತ್ತಿದ್ದೆ. ಅವನು ಎದ್ದು ಕೈ ತೊಳೆದುಕೊಂಡು ಬರುತ್ತಿದ್ದ. ನಾನು ಹೊರಡುವ ಹೊತ್ತಿಗೆ ಅವನ ಮುಖದಲ್ಲಿ ಬೆಳಕಿರುತ್ತಿತ್ತು, ನೆರಳು ಹತ್ತಿಯ ಹಾಗೆ ಹಗುರ. ಇಪ್ಪತ್ತು ಮನೆಯ ಬೆಳಕನ್ನೂ ಹೊತ್ತುಕೊಂಡು ಅಕ್ಕನ ಮನೆಗೆ ಮರಳುತ್ತಿದ್ದೆ. ಅಲ್ಲಿ ಮಾತ್ರ ಬಾಯಿ ಬಿಡುವ ಹಾಗಿರಲಿಲ್ಲ.

ಚಂಪಕ್ಕ ಮೊದಲ ವಾರ ಏನೂ ಕೇಳಲಿಲ್ಲ. ಎರಡನೆಯ ವಾರ, ನಾನು ಊಟಕ್ಕೆ ಕೂತಿದ್ದಾಗ, ಅಡುಗೆಮನೆಯ ಗೋಡೆಗೆ ಒರಗಿ ಕೂತಲ್ಲಿಂದಲೇ ಕೇಳಿದಳು. ಮಾತು ಬೇಡವಂತೆ, ಹೆಸರು ಹಿಡಿದು ಕರೆಯುವುದೂ ಬೇಡವಂತೆ. "ಜಗಲಿ ಮೇಲೆ ನಿಂತು ಒಂದ್ಸಲ ಕೆಮ್ಮು ಸಾಕು. ನಾನು ಕಣ್ಮುಚ್ಕೊಂಡಿರ್ತೀನಿ."

ಬೀಜದ ಮಾತು ತೆಗೆದೆ. ಇನ್ನೆರಡು ವಾರ ಅಂದೆ. ಅವಳು ಸಿಟ್ಟು ಮಾಡಲಿಲ್ಲ, ಅದೇ ಕಷ್ಟವಾಯಿತು. "ಊರೋರ ಗಂಡಂದಿರೆಲ್ಲ ನಿನ್ ಬಾಯಲ್ಲಿ ಬರ್ತಾರೆ. ನನ್ನ ಗಂಡ ಒಬ್ರೇ ಸರದಿಯಲ್ಲಿ ನಿಲ್ಬೇಕು, ಅಲ್ವೇನೋ ವಾಗೀಶ?" ಎಂದು ನಕ್ಕಳು. ಅವಳ ನಗೆಗೆ ನೆರಳು ಅಲುಗಲೂ ಇಲ್ಲ.

ಅನ್ನ ಬಿಟ್ಟು ಎದ್ದು ಮೇಡಂ ಮನೆಗೆ ಹೋದೆ. ಅವರು ಅಂಗಳದಲ್ಲಿ ಸಂಡಿಗೆ ಕಾಯುತ್ತ ಕೂತಿದ್ದರು. ಕಾಗೆ ಓಡಿಸುವ ಕೋಲನ್ನು ಕೈಯಿಂದ ಕೆಳಗಿಡದೆ ನನ್ನ ಮಾತು ಕೇಳಿದರು. ಅಕ್ಕ ನೆಟ್ಟುಹೋದರೆ ನಿಮ್ಮ ತಕ್ಕಡಿಯನ್ನು ನಾನೇನು ಮಾಡಲಿ, ಮದ್ದು ಕೈಯಲ್ಲಿಟ್ಟುಕೊಂಡು ಒಡಹುಟ್ಟಿದವಳನ್ನು ಕಾಯಿಸುವುದು ಯಾವ ಧರ್ಮ ಎಂದು ಏನೇನೋ ಹೇಳಿದೆ. ದನಿ ಏರಿತ್ತು, ಅದು ಯಾರ ದನಿಯೂ ಆಗಿರಲಿಲ್ಲ, ನನ್ನದೇ.

"ಮದ್ದು ಅಂತ ಗೊತ್ತಿದ್ರೆ ಕಾಯಿಸೋದು ಪಾಪ," ಅಂದರು ಮೇಡಂ. "ಗೊತ್ತಿದ್ಯಾ ನಿಂಗೆ? ನಿಂಗೆ ಆಸೆ ಇದೆ ಅಷ್ಟೆ. ಆಸೆ ನಂಗೂ ಇದೆ. ನೀನು ಈಗ ಹೋಗಿ ಕೆಮ್ಮಿದ್ರೆ ನಾನು ತಡೆಯಲ್ಲಪ್ಪ, ಆದ್ರೆ ಬಂದು ಹೇಳು, ಅವಳನ್ನ ಸಾಲಿಂದ ತೆಗೀತೀನಿ. ಆಮೇಲೆ ಅದು ಬೆಲ್ಲನೋ ಬೇವೋ ಅಂತ ಅವಳ ವಿಷಯದಲ್ಲಿ ಯಾವತ್ತೂ ತಿಳಿಯಲ್ಲ. ಅವಳಿಗೂ, ನಿಂಗೂ."

ನಾನು ಕೆಮ್ಮಲಿಲ್ಲ. ಅದು ಧೈರ್ಯವೋ ಹೇಡಿತನವೋ ಈಗಲೂ ಹೇಳಲಾರೆ. ಅದೇ ವಾರ ನನಗೆ ಶೀತ ಹಿಡಿದು ನಿಜವಾದ ಕೆಮ್ಮು ಶುರುವಾಯಿತು. ದನಿ ಕಲಿತ ಗಂಟಲನ್ನು ನಂಬುವಂತಿಲ್ಲ, ಸುಮ್ಮನೆ ಕೆಮ್ಮಿದರೂ ಭಾವನ ಕೆಮ್ಮೇ ಬಂದುಬಿಟ್ಟರೆ? ಬಾಯಿಗೆ ಟವೆಲ್ ತುರುಕಿಕೊಂಡು ಹಿತ್ತಿಲ ಕಡೆಗೆ ಓಡುತ್ತಿದ್ದೆ. ಪಕ್ಕದ ಮನೆಯವರು ನನಗೂ ಏನೋ ಬಡಿದಿದೆ ಎಂದು ಮಾತಾಡಿಕೊಂಡರು. ಕಾಯುವವರ ಗುಂಪಿನಲ್ಲಿದ್ದ ಇಬ್ಬರು ಮೂವರು ನಡುನಡುವೆ ಚಂಪಕ್ಕನನ್ನು ನೋಡಲು ಬಂದು ಹೋಗುತ್ತಿದ್ದರು, ನಾನಿದ್ದರೆ ಮಾತು ನಿಲ್ಲಿಸುತ್ತಿದ್ದರು. ಕಾಯಿಸುತ್ತಿರುವವನು ನಾನೇ ತಾನೆ.

ಹುಣ್ಣಿಮೆಯ ಬೆಳಿಗ್ಗೆ ಮತ್ತೆ ಡಿಪೋ. ಊರಿನ ಅರ್ಧ ಜನ ಬೇಲಿಯಾಚೆ ನಿಂತಿದ್ದರು. ಚಂಪಕ್ಕನನ್ನು ಕರೆತರಲು ಹೇಳಿಟ್ಟಿದ್ದವರು ತಡಮಾಡಿದ್ದರಿಂದ ಅವಳು ಗೋಡೆ ಹಿಡಿದುಕೊಂಡು ತಾನೇ ಬಂದಿದ್ದಳು; ನಾನು ಅದನ್ನು ಗಮನಿಸಿದರೂ ಮನಸ್ಸಿಗೆ ತಂದುಕೊಳ್ಳಲಿಲ್ಲ, ನನ್ನ ಕಣ್ಣು ತಕ್ಕಡಿಯ ಮೇಲಿತ್ತು. ಎರಡೂ ಸಾಲು ನಿಂತವು. ನೆರಳು ಬಿದ್ದವು. ದಂಡಿಗೆ ಈ ಸಲ ತೂಗಾಡಲಿಲ್ಲ. ನೇರವಾಗಿ ಒಂದು ಕಡೆ ಇಳಿಯಿತು.

"ಬಡಗಣ ಕಡೆ ಭಾರ," ಎಂದು ಕಣ್ಣು ಕಟ್ಟಿದ್ದ ಹಯಾತಣ್ಣ ಕೂಗಿದ, ಒಳ್ಳೆಯ ಸುದ್ದಿಯೆಂದುಕೊಂಡು.

ಬಡಗಣ ಕಡೆ ನಿಂತವರು ನನ್ನವರು, ದನಿಮದ್ದಿನವರು.

ಮೇಡಂ ಹೊನ್ನೆ ದಿಮ್ಮಿ ತರಿಸಿದರು. ನನ್ನವರ ನೆರಳಿಗೆ ಎದುರಾಗಿ ಅದನ್ನು ಇಟ್ಟಾಗ ಮುಳ್ಳು ನಡುವೆ ನಿಂತಿತು. ಒಂದು ತಿಂಗಳಲ್ಲಿ ಅವರದು ಒಂದು ಗುಲಗಂಜಿಯೂ ಇಳಿದಿರಲಿಲ್ಲ. ಕಾದವರ ನೆರಳಿಗೆ ಎದುರಾಗಿ ಇಟ್ಟಾಗ ದಿಮ್ಮಿ ಧಡ್ಡನೆ ಕೆಳಗೆ ಕೂತಿತು. ಯಾರೂ ಏನೂ ಮಾಡದೆ, ಯಾವ ದನಿಯನ್ನೂ ಕೇಳದೆ, ಬರಿಯ ದಿನಗಳು ಕಳೆದು ಆ ಇಪ್ಪತ್ತು ಮಂದಿ ಹಗುರಾಗಿದ್ದರು. ಹಗುರಾದದ್ದು ಅವರಿಗೇ ಗೊತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಹಳೆಯ ಮುದುಕಿ, ಗಾಳಿಗೆ ಪಟಪಟ ಎಂದ ಅವಳ ನೆರಳು, ಬಂದು ಹಗುರಾಗಿ ಹೋದ ನೂರಾರು ಜನ, ಎಲ್ಲರೂ ಒಟ್ಟಿಗೆ ನೆನಪಾದರು. ಅವರು ಏರುತ್ತಿದ್ದ ಮೆಟ್ಟಿಲಿನ ಪಕ್ಕ ನಿಂತು ನಾನು ಅವರನ್ನು ಎತ್ತುತ್ತಿದ್ದೇನೆ ಎಂದುಕೊಂಡಿದ್ದೆ.

ಆಗ ಮಂಡಳಿಯ ಇನ್ನೊಬ್ಬ ಸದಸ್ಯರು, ಲೋಕಪ್ಪ ಮಾಸ್ತರು, ನನ್ನ ಹೆಗಲ ಮೇಲೆ ಕೈ ಇಟ್ಟರು. ನನ್ನ ಮೇಲೆ ಬಹಳ ಪ್ರೀತಿ ಅವರಿಗೆ, ತಮ್ಮ ಅಪ್ಪನ ದನಿಯನ್ನು ನನ್ನಿಂದ ಕೇಳಿ ಕಣ್ಣೊರೆಸಿಕೊಂಡವರು. ಒಂದು ವಿಷಯ ನೋಡಬೇಕು ಎಂದರು. ಆ ತಿಪ್ಪೇಶಿ ನೆನ್ನೆ ಹೆಂಡತಿಯ ಜೊತೆ ಜಗಳವಾಡಿದ್ದಾನೆ, ಅವನ ಭಾರ ಲೆಕ್ಕಕ್ಕೆ ಹಿಡಿಯುವುದು ನ್ಯಾಯವಲ್ಲ. ತಿಪ್ಪೇಶಿಯನ್ನು ಪಕ್ಕಕ್ಕೆ ನಿಲ್ಲಿಸಿದರು. ತಟ್ಟೆ ಒಂದಿಷ್ಟು ಮೇಲೆದ್ದಿತು. ಆ ಕೊನೆಯ ಹೆಂಗಸಿಗೆ ಮೊಣಕಾಲು ನೋವು, ಅದೂ ಸೇರಿಕೊಂಡಿರುತ್ತದೆ. ಅವಳನ್ನೂ ಇಳಿಸಿದರು. ನನ್ನವರ ಕಡೆ ಇನ್ನೊಬ್ಬನ ಮೊಮ್ಮಗನಿಗೆ ಈ ತಿಂಗಳೆಲ್ಲ ಕಾಯಿಲೆ, ಅವನು ಹಗುರಾಗುವುದೆಲ್ಲಿಂದ, ಅವನೂ ಬೇಡ. ಪ್ರತಿಯೊಂದು ಮಾತೂ ನಿಜವಾಗಿತ್ತು, ಅದೇ ನೋಡಿ. ನಾಲ್ಕು ಜನರನ್ನು ಆಚೆ ಇಟ್ಟಾಗ ಮುಳ್ಳು ನಡುವೆ ಬಂತು. ಆರನೆಯವನನ್ನು ಇಳಿಸಿದಾಗ ನನ್ನ ತಟ್ಟೆ ಮೇಲೆದ್ದು ನಿಂತಿತು. ಬೇಲಿಯಾಚೆ ಜನ ಚಪ್ಪಾಳೆ ತಟ್ಟಿದರು. ಲೋಕಪ್ಪ ಮಾಸ್ತರು, ಈಗ ಸರಿ ಕಾಣುತ್ತದೆ, ಎಂದರು.

ನಾನು ಮೇಡಂ ಕಡೆ ನೋಡಿದೆ. "ಪ್ರಯೋಗ ನಿಂದು," ಎಂದರು ಅವರು. "ಯಾವ ತೂಕ ಬರೀಬೇಕು, ನೀನೇ ಹೇಳು."

ಎದುರು ಸಾಲಿನಲ್ಲಿ ಚಂಪಕ್ಕ ನಿಂತಿದ್ದಳು. ಅವಳಿಗೆ ದಿಮ್ಮಿಯ ಮಾತು ಬೇಕಿರಲಿಲ್ಲ. ನನ್ನ ತಟ್ಟೆ ಮೇಲೆದ್ದುದನ್ನು ಕಂಡು ಅವಳು ಕಣ್ಣು ಮುಚ್ಚಿಕೊಂಡಿದ್ದಳು, ಆಗಲೇ ಜಗಲಿಯ ಕಡೆ ಕಿವಿಗೊಟ್ಟವಳ ಹಾಗೆ. ನಾನು ಹೂಂ ಅಂದರೆ ಸಾಕು, ಪರವಾನಗಿ ನನ್ನದು, ನಾಳೆಯಿಂದ ಕೆಮ್ಮು ಅವಳದು. ತಿಪ್ಪೇಶಿ ಪಕ್ಕದ ದಿಮ್ಮಿಯ ಮೇಲೆ ಕೂತು, ತನ್ನನ್ನು ಏಕೆ ಇಳಿಸಿದರೆಂದು ತಿಳಿಯದೆ, ಎರಡೂ ಕೈಗಳಿಂದ ನೆರಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ. ಅವನನ್ನು ನೋಡಿದೆ. ನಾಳೆಯಿಂದ ಹಾಗೆ ಎಳೆದುಕೊಳ್ಳುವವಳು ಅಕ್ಕ.

"ಇಳಿಸಿದೋರನ್ನ ಮತ್ತೆ ನಿಲ್ಲಿಸಿ," ಅಂದೆ. "ಎಲ್ಲರನ್ನೂ."

ಒಬ್ಬೊಬ್ಬರೇ ಬಂದು ನಿಂತರು. ತಟ್ಟೆ ಮತ್ತೆ ಕೆಳಗಿಳಿದು ನೆಲ ಮುಟ್ಟುವ ಸದ್ದನ್ನು ನಾನು ಪೂರ್ತಿ ಕೇಳಿದೆ. ಲೋಕಪ್ಪ ಮಾಸ್ತರು ಕೈ ತೆಗೆದುಕೊಂಡರು. ಮೇಡಂ ಸೋತಿತು ಎಂದು ಬರೆದುಕೊಂಡರು. ಯಾಕೆ ಹೀಗಾಯಿತು ಎಂದು ನಾನು ಕೇಳಿದ್ದಕ್ಕೆ, ತಕ್ಕಡಿ ಎಷ್ಟು ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ, ಅದನ್ನು ಜನರನ್ನೇ ಕೇಳಬೇಕು ಎಂದರು. ಹಯಾತಣ್ಣ ಕಣ್ಣಿನ ಬಟ್ಟೆ ಬಿಚ್ಚಿ, ಯಾರು ಎಲ್ಲಿ ನಿಂತಿದ್ದಾರೆಂದು ಕಂಡು, ನನ್ನ ಮುಖ ನೋಡಲಾರದೆ ಚಹ ತರುತ್ತೇನೆಂದು ಹೋದ.

ಚಂಪಕ್ಕ ಸಾಲು ಬಿಟ್ಟು ಬಂದು ನನ್ನ ಎದುರು ನಿಂತಳು. "ಒಂದು ಕೆಮ್ಮು ಕೇಳಿದ್ದೆ ಕಣೋ. ಬಂಗಾರ ಕೇಳಿದ್ನಾ?" ಅವಳು ತಿರುಗಿ ಗೇಟಿನ ಕಡೆ ಹೊರಟಳು, ಗೋಡೆ ಹಿಡಿಯದೆ, ಸಿಟ್ಟಿನ ರಭಸದಲ್ಲಿ, ಮರದ ಹೊಟ್ಟಿನ ಮೇಲೆ ನೆರಳು ಸರಸರ ಹಿಂಬಾಲಿಸುತ್ತಿತ್ತು. ಅದನ್ನು ಅವಳು ಕಾಣಲಿಲ್ಲ. ನಾನು ಕಂಡೆ.

ತಿಪ್ಪೇಶಿ ನನ್ನ ತೋಳು ಹಿಡಿದ. ಪರವಾನಗಿಯ ಮಾತೇ ಅವನ ತಲೆಗೆ ಹತ್ತಿರಲಿಲ್ಲ. ಇವತ್ತು ಸಂಜೆ ಎಂದಿನ ಹೊತ್ತಿಗೇ ಬರುತ್ತೀರಾ ಎಂದು ಕೇಳಿದ. ಇನ್ನು ಬರುವುದಿಲ್ಲ, ಬರಬಾರದು ಎಂದೆ. ಅವನು ಬಹಳ ಹೊತ್ತು ತಲೆಯಾಡಿಸಿದ, ಮೊದಲೇ ಗೊತ್ತಿದ್ದದ್ದನ್ನು ಕೇಳಿಸಿಕೊಂಡವನ ಹಾಗೆ. "ಒಂದ್ ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡಿ ಸ್ವಾಮಿ. ಅಮ್ಮ ದಿನಾ ಸಂಜೆ ಬರ್ತಾಳೆ, ಅನ್ನಕ್ಕೆ ಕೂರಿಸ್ತಾಳೆ, ದಿನಾ ಹೋಗ್ಬಿಡ್ತಾಳೆ. ದಿನಾ ಒಂದ್ಸಲ ಕಳುಸ್ಕೊಡ್ಬೇಕು." ಆಮೇಲೆ ದಿಮ್ಮಿಯ ಮೇಲೆ ಮತ್ತೆ ಕೂತು, ಇನ್ನು ಅವಳ ದನಿ ಮರೆತುಹೋದರೆ ಏನು ಮಾಡಲಿ ಎಂದು ಕೇಳಿದ.

ಗೇಟಿನವರೆಗೆ ಹೋಗಿದ್ದ ಚಂಪಕ್ಕ ನಿಂತಿದ್ದಳು. ಅವಳು ತಿರುಗಿ ಬಂದಳು, ನನ್ನ ಕಡೆ ನೋಡದೆ ದಿಮ್ಮಿಯ ಮೇಲೆ ತಿಪ್ಪೇಶಿಯ ಪಕ್ಕ ಕೂತಳು. ನಿಮ್ಮಮ್ಮ ಊಟಕ್ಕೆ ಹೇಗೆ ಕರೆಯುತ್ತಿದ್ದರು ಎಂದು ಕೇಳಿದಳು. ಅವನು ನನ್ನ ಕಡೆ ಕೈ ತೋರಿಸಿದ, ಇವರಿಗೆ ಚೆನ್ನಾಗಿ ಬರುತ್ತದೆ ಎಂಬಂತೆ. ಅವನನ್ನು ಬಿಡಿ, ನೀವು ಹೇಳಿ, ಎಂದಳು ಅಕ್ಕ. ತಿಪ್ಪೇಶಿ ನಾಚಿಕೊಂಡ. ಗಂಟಲು ಸರಿಮಾಡಿಕೊಂಡು, ತನ್ನ ಗೊಗ್ಗರು ದನಿಯನ್ನು ಎಳೆದು ಎಳೆದು ಏನೋ ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದ. ಇಷ್ಟು ಕೆಟ್ಟ ಅನುಕರಣೆಯನ್ನು ನಾನು ಎಲ್ಲಿಯೂ ಕೇಳಿರಲಿಲ್ಲ.

"ನಂಗೂ ಅಷ್ಟೆ," ಅಂದಳು ಚಂಪಕ್ಕ. "ನಮ್ಮನೆಯವರು ಬಾಗಿಲಲ್ಲಿ ನಿಂತು ಕೆಮ್ಮೋರು. ತಿಂಗಳಿಂದ ನೆನೆಸ್ಕೊಂಡು ನೆನೆಸ್ಕೊಂಡು ನೋಡ್ತೀನಿ, ಸರಿಯಾಗಿ ಕೂರೋದೇ ಇಲ್ಲ. ಒಂದಿನ ಒಂಥರ ಕೇಳತ್ತೆ, ಇನ್ನೊಂದಿನ ಇನ್ನೊಂಥರ." ಸೆರಗಿನ ಅಂಚನ್ನು ಬಾಯಿಗೆ ಅಡ್ಡ ಹಿಡಿದು, ಬೇಲಿಯಾಚೆಯ ಜನವನ್ನು ಮರೆತು, ಅವಳು ಒಮ್ಮೆ ಕೆಮ್ಮಿದಳು.

ಭಾವನ ಕೆಮ್ಮಿಗೂ ಅದಕ್ಕೂ ಹೋಲಿಕೆಯೇ ಇರಲಿಲ್ಲ. ಭಾವನದು ಗಿಡ್ಡ, ಎದೆಯಿಂದ ಎದ್ದು ಹಲ್ಲಿನಲ್ಲಿ ಮುರಿಯುವಂಥದ್ದು. ಇವಳದು ತೆಳುವಾಗಿ, ಕೊನೆಯಲ್ಲಿ ನಗೆಯೊಂದು ಸಿಕ್ಕಿಕೊಂಡಂತೆ. ಒಬ್ಬಳು ಕೆಮ್ಮಿದ್ದರಿಂದ ಏನೂ ಸಾಬೀತಾಗುವುದಿಲ್ಲವೆಂದು ಆ ಹೊತ್ತಿಗೆ ನಾನು ಕಲಿತಿದ್ದೆ. ಆದರೆ ತಿಪ್ಪೇಶಿ ನೆರಳು ಎಳೆದುಕೊಳ್ಳುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದ. ಸರಿಯಾದ ಕೆಮ್ಮು ನನ್ನ ಗಂಟಲಿನ ತುದಿಗೇ ಬಂದು ನಿಂತಿತ್ತು. ನುಂಗಿಕೊಂಡೆ. ಅಕ್ಕ ತಲೆ ಅಲ್ಲಾಡಿಸಿ, ಇದಲ್ಲ, ಎಂದು ಇನ್ನೊಮ್ಮೆ ಕೆಮ್ಮಿ ನೋಡಿದಳು.